ದೋಣಿ ಬಂತು, ಕಟ್ಟಳೆ ಬರಲಿಲ್ಲ

(ಕರಾವಳಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಹಳೆಯ ವಿದ್ಯಾರ್ಥಿ, ಈಗ ಮೀನುಗಾರಿಕೆಯ ಯಂತ್ರೋಪಕರಣಗಳ ಎಂಜಿನಿಯರ್. ಇಬ್ಬರ ನಡುವಿನ ಮಾತು.)

ಎಂಜಿನಿಯರ್: ನಮ್ಮ ಕಡಲಿನವರಿಗೆ ಮೀನು ಹಿಡಿಯುವುದನ್ನು ನಾರ್ವೆಯವರು ಬಂದು ಕಲಿಸಬೇಕಿತ್ತೇ ಎಂದು ಸಭೆಗಳಲ್ಲಿ ಕೇಳುತ್ತಾರೆ ಸರ್. ಕೇಳಿದವರಿಗೆ ಚಪ್ಪಾಳೆಯೂ ಬೀಳುತ್ತದೆ. ನಾನಂತೂ ಹೌದು, ಕಲಿಸಬೇಕಿತ್ತು ಎನ್ನುವವನು. ಹುಟ್ಟು ಹಾಕಿಕೊಂಡು ಹೋದವರು ಗಾಳಿ ತಿರುಗಿದರೆ ದಡ ಸೇರಲು ಹೆಣಗಬೇಕಿತ್ತು. ಹಿಡಿದ ಮೀನು ಕೆಡದಂತೆ ಇಡಲು ಮಂಜುಗಡ್ಡೆ ಇರಲಿಲ್ಲ. ಬೂತಾಯಿ ರಾಶಿ ಬಿದ್ದ ದಿನ ಬೆಲೆ ಕುಸಿದು ಅದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಎಂಜಿನ್, ಮಂಜುಗಡ್ಡೆ, ನೈಲಾನ್ ಬಲೆ ಮೂರೂ ಹೊರಗಿನಿಂದ ಬಂದವು. ಅವುಗಳಿಂದ ಎಷ್ಟೋ ಮನೆಗಳು ಹಂಚು ಕಂಡವು, ಎಷ್ಟೋ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ನಿಮ್ಮ ತರಗತಿಯಲ್ಲೇ ಅಂಥವರು ಕೂತಿದ್ದರಲ್ಲ?

ಮೇಷ್ಟ್ರು: ಕೂತಿದ್ದರು. ನೀನು ಹೇಳಿದ್ದರಲ್ಲಿ ನಾನು ಅಲ್ಲಗಳೆಯುವುದು ಏನೂ ಇಲ್ಲ. ಕಲಿಸಿದರು ಅಂದೆಯಲ್ಲ, ಏನನ್ನು ಕಲಿಸಿದರು, ಏನನ್ನು ತಮ್ಮ ಊರಲ್ಲೇ ಬಿಟ್ಟು ಬಂದರು ಎಂಬುದನ್ನಷ್ಟೇ ನೋಡೋಣ. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮರುವರ್ಷ ಕೊಲ್ಲಂ ಹತ್ತಿರದ ನೀಂಡಕರ, ಶಕ್ತಿಕುಳಂಗರ ಎಂಬ ಊರುಗಳಲ್ಲಿ ಕೆಲಸ ಶುರುವಾಯಿತು. ಕೇರಳ ರಾಜ್ಯ ಇನ್ನೂ ಹುಟ್ಟಿರಲಿಲ್ಲ, ಅದು ತಿರುವಾಂಕೂರು-ಕೊಚ್ಚಿಯ ಕಾಲ. ನಾರ್ವೆಯೂ ಯುದ್ಧದ ಏಟಿನಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಬೇರೊಂದು ಬಡದೇಶದ ಅಭಿವೃದ್ಧಿಗೆ ಆ ದೇಶ ಕೈಜೋಡಿಸಿದ್ದು ಅದೇ ಮೊದಲು. ಮೀನುಗಾರರ ಆದಾಯ ಹೆಚ್ಚಬೇಕು, ತಾಜಾ ಮೀನು ಜನರಿಗೆ ಸಿಗಬೇಕು, ಆರೋಗ್ಯ, ನೈರ್ಮಲ್ಯ ಸುಧಾರಿಸಬೇಕು ಎಂಬುದು ಗುರಿ. ದೋಣಿಯ ಜೊತೆಗೆ ಆರೋಗ್ಯ ಕೇಂದ್ರ, ನಲ್ಲಿ ನೀರು, ಮಂಜುಗಡ್ಡೆಯ ಕಾರ್ಖಾನೆ ಎಲ್ಲವೂ ಬಂದವು. ಕೆಟ್ಟ ಮನಸ್ಸಿನಿಂದ ಬಂದದ್ದು ಕೆಟ್ಟರೆ ಅದರಿಂದ ಕಲಿಯುವುದು ಕಡಿಮೆ. ಇದು ಒಳ್ಳೆಯ ಮನಸ್ಸಿನಿಂದಲೇ ಬಂದದ್ದು, ಆದ್ದರಿಂದ ಕೂಲಂಕಷವಾಗಿ ನೋಡಬೇಕು.

ಎಂಜಿನಿಯರ್: ಮೊದಲು ಅವರು ನಾಡದೋಣಿಗಳಿಗೇ ಎಂಜಿನ್ ಕೂಡಿಸಲು ನೋಡಿದರು ಎಂದು ಓದಿದ್ದೇನೆ. ಅಂದರೆ ಇದ್ದದ್ದನ್ನು ಕಡೆಗಣಿಸಲಿಲ್ಲ.

ಮೇಷ್ಟ್ರು: ನೋಡಿದರು, ಕೈಗೂಡಲಿಲ್ಲ. ಕತ್ತದ ಹುರಿಯಲ್ಲಿ ಹಲಗೆಗಳನ್ನು ಹೊಲಿದು ಮಾಡಿದ ದೋಣಿ ಎಂಜಿನ್ನಿಗೆ ಒಗ್ಗಲಿಲ್ಲ. ಹಾಗಾಗಿ ಹೊಸ ದೋಣಿಯನ್ನೇ ವಿನ್ಯಾಸ ಮಾಡಿದರು, ಇಪ್ಪತ್ತೆರಡು, ಇಪ್ಪತ್ತೈದು ಅಡಿಯವು. ಎಂಜಿನಿಯರಾಗಿ ನಿನಗೆ ಇದು ಸಹಜವಾದ ಹೆಜ್ಜೆ. ಅದರ ಹಿಂದೆ ಬಂದದ್ದನ್ನು ನೋಡು. ನಾಡದೋಣಿಯನ್ನು ಅಲೆ ಸೀಳಿ ಮರಳಿನ ಮೇಲೆ ಎಳೆದು ನಿಲ್ಲಿಸಬಹುದು, ಕಡಲ ದಂಡೆಯ ಯಾವ ಊರಾದರೂ ಸರಿ. ಹೊಸ ದೋಣಿಗೆ ಬಂದರು ಬೇಕು. ನೀಂಡಕರದಲ್ಲಿ ಅಷ್ಟಮುಡಿ ಹಿನ್ನೀರು ಕಡಲು ಸೇರುವ ಅಳಿವೆ ಇತ್ತು, ಅಲ್ಲಿ ನಡೆಯಿತು. ಬರೀ ಮರಳು ದಂಡೆ ಇದ್ದ ನೂರಾರು ಊರುಗಳು ಅಲ್ಲಿಗೇ ಆಟದಿಂದ ಹೊರಗೆ. ಯಾರನ್ನೂ ಹೊರಗಿಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ದೋಣಿಯ ನಕ್ಷೆಯೇ ಆ ತೀರ್ಮಾನ ಮಾಡಿಬಿಟ್ಟಿತು.

ಎಂಜಿನಿಯರ್: ಬಂದರು ಕಟ್ಟಬಹುದಲ್ಲ ಸರ್. ಕಟ್ಟಿದರು ಕೂಡ. ಮಲ್ಪೆ ಇವತ್ತು ಏನಾಗಿದೆ ನೋಡಿ.

ಮೇಷ್ಟ್ರು: ಮಲ್ಪೆಗೆ ಬರೋಣ, ಅದಕ್ಕೆ ಮುಂಚೆ ಸಿಗಡಿ ಇದೆ. ಯೋಜನೆಯ ಕಾಗದದಲ್ಲಿ ಇದ್ದದ್ದು ಊರಿನವರಿಗೆ ತಾಜಾ ಮೀನು. ಆದರೆ ಆ ದೋಣಿಯಲ್ಲಿ ಬೀಡುಬಲೆ ಹಾಕಿ ಹಿಡಿದ ಮೀನಿನಿಂದ ಡೀಸೆಲ್ಲಿನ ಖರ್ಚು ಕಳೆದು ಉಳಿಯುವುದು ಅಷ್ಟಕ್ಕಷ್ಟೆ. ಯೋಜನೆ ಶುರುವಾದ 1953ರಲ್ಲೇ ಕೊಚ್ಚಿಯ ಖಾಸಗಿ ವ್ಯಾಪಾರಿಗಳು ಶೈತ್ಯೀಕರಿಸಿದ ಸಿಗಡಿಯನ್ನು ಅಮೆರಿಕಕ್ಕೆ ಕಳಿಸಲು ತೊಡಗಿದ್ದರು. ಎಂಜಿನ್ ದೋಣಿಗೆ ಟ್ರಾಲ್ ಬಲೆ ಕಟ್ಟಿ ಕಡಲ ತಳವನ್ನು ಗೋರಿದರೆ ಸಿಗಡಿ ಸಿಗುತ್ತದೆ ಎಂದು ಗೊತ್ತಾದಾಗ ಎರಡೂ ಒಂದಾದವು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ರಫ್ತಿನ ಲಾಭ ಇನ್ನೂ ಏರಿತು. ಮೀನು ಹಿಡಿದು ಗೊತ್ತಿಲ್ಲದ ವ್ಯಾಪಾರಿಗಳೂ ದೋಣಿ ಕಟ್ಟಿಸಿದರು. ಬಡ ಮೀನುಗಾರನ ಊಟಕ್ಕೆಂದು ಬಂದ ದೋಣಿ ಪರದೇಶದ ತಟ್ಟೆಗೆ ಸಿಗಡಿ ಹಿಡಿಯುವ ದೋಣಿಯಾಯಿತು.

ಎಂಜಿನಿಯರ್: ಅದರಲ್ಲಿ ತಪ್ಪೇನಿದೆ? ವಿದೇಶಿ ವಿನಿಮಯ ಬಂತು. ಸಿಗಡಿ ಸುಲಿಯುವ ಶೆಡ್ಡುಗಳಲ್ಲಿ ಸಾವಿರಾರು ಹೆಂಗಸರಿಗೆ ಕೂಲಿ ಸಿಕ್ಕಿತು.

ಮೇಷ್ಟ್ರು: ಸಿಕ್ಕಿತು. ಅದೇ ಹೊತ್ತಿಗೆ ಮನೆಯ ಜಗಲಿಯಲ್ಲಿ ಕೂತು ನೂಲಿನ ಬಲೆ ಹೆಣೆಯುತ್ತಿದ್ದ ಹೆಂಗಸರ ಕೈಕೆಲಸವನ್ನು ಯಂತ್ರದಲ್ಲಿ ನೇಯ್ದ ನೈಲಾನ್ ಬಲೆ ತೆಗೆದುಕೊಂಡಿತು. ದಂಡೆಯ ಮೇಲೆ ಗಂಡನೋ ಮಗನೋ ತಂದ ಮೀನನ್ನು ಬುಟ್ಟಿಗೆ ತುಂಬಿ ಮಾರಲು ಹೊರಡುತ್ತಿದ್ದವಳು ಈಗ ಬಂದರಿನ ಏಲಂನಲ್ಲಿ ಲಾರಿಯ ವ್ಯಾಪಾರಿಯ ಎದುರು ಕೂಗಬೇಕು. ಕೂಲಿಯನ್ನು ಲೆಕ್ಕದಲ್ಲಿ ತೋರಿಸುವುದು ಸುಲಭ, ಒಡೆತನ ಕೈತಪ್ಪಿದ್ದನ್ನು ತೋರಿಸಲು ಕಾಲಂ ಇರುವುದಿಲ್ಲ. ನಾರ್ವೆಯವರೇ ಇದನ್ನು ಗಮನಿಸದೆ ಇರಲಿಲ್ಲ. ಆರ್ನೆ ಮಾರ್ಟಿನ್ ಕ್ಲೌಸೆನ್ ಎಂಬ ಅವರ ಮಾನವಶಾಸ್ತ್ರಜ್ಞ ಬಂದು, ನೋಡಿ, 1968ರಲ್ಲಿ ಪುಸ್ತಕ ಬರೆದ. ಶಕ್ತಿಕುಳಂಗರದ ಕ್ರೈಸ್ತ ಮೀನುಗಾರರು ಹೊಸ ದೋಣಿಯನ್ನು ಬೇಗ ಕೈವಶ ಮಾಡಿಕೊಂಡರು, ಪಕ್ಕದ ಪುತ್ತನ್‌ತುರದ ಅರಯ ಜಾತಿಯ ಮೀನುಗಾರರಿಗೆ ಅಷ್ಟು ಬೇಗ ದಕ್ಕಲಿಲ್ಲ. ಒಂದೇ ಯೋಜನೆ, ಅಕ್ಕಪಕ್ಕದ ಊರು, ಫಲ ಬೇರೆ ಬೇರೆ. ಊರಿನ ಒಳಗಿನ ಕಟ್ಟು ಹೇಗಿದೆ ಎಂದು ತಿಳಿಯದೆ ಯಂತ್ರ ಇಳಿಸಿದರೆ ಹೀಗೇ ಆಗುವುದು.

ಎಂಜಿನಿಯರ್: ಸರಿ, ಆದರೆ ನಿಮ್ಮ ವಾದದಲ್ಲಿ ಒಂದು ಅಪಾಯ ಕಾಣುತ್ತದೆ. ಹಳೆಯದೆಲ್ಲ ಸಮಾನತೆ, ಹೊಸದೆಲ್ಲ ಲೂಟಿ ಎಂಬಂತಾಗುತ್ತದೆ. ದಂಡೆಯ ಮೇಲೆ ನಿಂತು ಎಳೆಯುವ ನಮ್ಮ ರಂಪಣಿ ಬಲೆಯನ್ನೇ ತೆಗೆದುಕೊಳ್ಳಿ. ಅದಕ್ಕೂ ಯಜಮಾನರಿದ್ದರು, ಸಾಲವಿತ್ತು, ಜಾತಿಯಿತ್ತು.

ಮೇಷ್ಟ್ರು: ಇದ್ದವು, ಮುಚ್ಚಿಡುವುದಿಲ್ಲ. ಹಳೆಯದು ಎಂಬ ಕಾರಣಕ್ಕೆ ಯಾವುದನ್ನೂ ನಾನು ಹೊಗಳುವವನಲ್ಲ. ಆದರೆ ರಂಪಣಿ ಹೇಗೆ ನಡೆಯುತ್ತಿತ್ತು ನೋಡು. ಸಾವಿರ ಮೀಟರಿಗೂ ಮೀರಿದ ಬಲೆ, ಎಳೆಯಲು ಐವತ್ತರಿಂದ ನೂರು ಜನ. ಮಳೆಗಾಲ ಕಳೆದು ಬೂತಾಯಿ, ಬಂಗುಡೆಯ ಹಿಂಡು ದಡದ ಹತ್ತಿರ ಬರುವವರೆಗೆ ಕಾಯಬೇಕು. ನೀರಿನ ಬಣ್ಣ, ಎರಗುವ ಹಕ್ಕಿ, ರಾತ್ರಿಯಾದರೆ ನೀರಿನೊಳಗೆ ಹೊಳೆಯುವ ಬೆಳಕು ನೋಡಿ ಹಿಂಡು ಎತ್ತ ಸಾಗುತ್ತಿದೆ ಎಂದು ಹೇಳಬಲ್ಲವನು ಮುಂದಾಳು. ಹಗ್ಗ ಎಳೆದವರಿಗೆಲ್ಲ ಪಾಲು. ಅಂದರೆ ಬಲೆಯ ಒಳಗೇ ಎರಡು ಕಟ್ಟಳೆಗಳಿದ್ದವು: ಮೀನು ಬಂದಾಗ ಮಾತ್ರ ಹಿಡಿ, ಹಿಡಿದದ್ದನ್ನು ಹಂಚು. ಆ ಕಟ್ಟಳೆ ಯಾರ ಪುಣ್ಯದಿಂದಲೂ ಬಂದದ್ದಲ್ಲ, ಅಷ್ಟು ಕೈ ಸೇರದಿದ್ದರೆ ಬಲೆ ಮೇಲೇಳುತ್ತಲೇ ಇರಲಿಲ್ಲ.

ಎಂಜಿನಿಯರ್: ಅದು ನಿರ್ಬಂಧ ಸರ್, ಜ್ಞಾನವಲ್ಲ. ಮಳೆಗಾಲದಲ್ಲಿ ಅವರು ಆಳಕಡಲಿಗೆ ಹೋಗದೆ ಇದ್ದದ್ದು ದೋಣಿಗೆ ಆ ಶಕ್ತಿ ಇರಲಿಲ್ಲವೆಂದು. ಅದನ್ನೇ ಇವತ್ತು ಪರಿಸರ ಪ್ರಜ್ಞೆ ಎಂದು ಕರೆಯುವುದು ಅತಿಯಾಯಿತು.

ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಶುರುವಾದದ್ದು ನಿರ್ಬಂಧದಿಂದಲೇ ಇರಬಹುದು. ಆದರೆ ತಲೆಮಾರುಗಟ್ಟಲೆ ನಿರ್ಬಂಧದೊಳಗೆ ಬದುಕಿದವರು ಸುಮ್ಮನೆ ಕೂತಿರಲಿಲ್ಲ, ಕಡಲನ್ನು ನೋಡುತ್ತಿದ್ದರು. ಕೇರಳದಲ್ಲಿ ಮಳೆಗಾಲಕ್ಕೆ ಆಲಪ್ಪುಳದ ಕಡೆ ಚಾಕರ ಬೀಳುತ್ತದೆ. ಕೆಸರಿನ ದಿಬ್ಬದ ಮೇಲೆ ಕಡಲು ಶಾಂತವಾಗಿ, ನಾಡದೋಣಿಗಳು ಅಲ್ಲಿ ಸೇರಿ ಮೀನು ಹಿಡಿಯುತ್ತವೆ. ಅಂದರೆ ಮಳೆಗಾಲದಲ್ಲಿ ಮೀನೇ ಹಿಡಿಯಬಾರದು ಎಂದು ಅವರು ಹೇಳಲಿಲ್ಲ. ಆ ತಿಂಗಳುಗಳಲ್ಲಿ ಟ್ರಾಲ್ ಬಲೆಯಿಂದ ತಳ ಗೋರಬೇಡಿ, ಮರಿ, ಮೊಟ್ಟೆ ಎಲ್ಲ ಹೋಗುತ್ತವೆ ಎಂದರು. ಎಷ್ಟು ಖಚಿತವಾದ ಮಾತು ಅದು, ಯಾವ ಉಪಕರಣ, ಯಾವ ತಿಂಗಳು, ಕಡಲಿನ ಯಾವ ಪದರ ಎಲ್ಲವೂ ಅದರಲ್ಲಿದೆ. ಜ್ಞಾನವಲ್ಲದೆ ಇನ್ನೇನು?

ಎಂಜಿನಿಯರ್: ಅಂಕಿಅಂಶ ಬೇಡವೇ? ನಂಬಿಕೆಯ ಮೇಲೆ ಕಾನೂನು ಮಾಡಲಾಗುತ್ತದೆಯೇ?

ಮೇಷ್ಟ್ರು: ಬೇಕು. ಅಂಕಿಯೂ ಅವರ ಮಾತನ್ನೇ ಹೇಳುತ್ತಿತ್ತು. ಕೇರಳದ ಒಟ್ಟು ಕಡಲ ಮೀನು 1973ರಲ್ಲಿ ಸುಮಾರು 4.48 ಲಕ್ಷ ಟನ್, 1980ರಲ್ಲಿ ಸುಮಾರು 2.8 ಲಕ್ಷ ಟನ್. ಇಳಿತಕ್ಕೆ ಟ್ರಾಲಿಂಗ್ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಬೂತಾಯಿ ತಾನಾಗಿಯೇ ಏರಿಳಿಯುವ ಮೀನು. ಆದರೆ ಪ್ರಶ್ನೆ ಕೇಳುವಷ್ಟು ಕಾರಣ ಅದರಲ್ಲಿತ್ತು. ಫಾದರ್ ಥಾಮಸ್ ಕೋಚೇರಿ ಅಂಥವರ ಜೊತೆ ಮೀನುಗಾರರು ಬೀದಿಗಿಳಿದರು, ಉಪವಾಸ ಕೂತರು. ಒಂದರ ಮೇಲೊಂದು ಸಮಿತಿ ಕೂತವು. ಮಳೆಗಾಲದ ಟ್ರಾಲಿಂಗ್‌ಗೆ ಕೇರಳ ನಿಷೇಧ ಹೇರಿದ್ದು 1988ರಲ್ಲಿ. ಇವತ್ತು ಪಶ್ಚಿಮ ಕರಾವಳಿಯ ಹೆಚ್ಚಿನ ಕಡೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ನಾಡದೋಣಿಗಳಿಗೆ ವಿನಾಯಿತಿ. ಕಡಲಿನವರು ಹೇಳಿದ್ದು ಕಾನೂನಾಗಲು ಹಿಡಿದ ಕಾಲವನ್ನು ಎಣಿಸು. ಆ ನಡುವೆ ಹೋದದ್ದಕ್ಕೆ ಪರಿಹಾರ ಯಾರು ಕೊಟ್ಟರು?

ಎಂಜಿನಿಯರ್: ಅದು ನಮ್ಮ ಸರಕಾರಗಳ ನಿಧಾನ. ನಾರ್ವೆಯವರ ತಲೆಗೆ ಕಟ್ಟುವುದು ಹೇಗೆ?

ಮೇಷ್ಟ್ರು: ನಾನು ಮಾತು ತೆಗೆದದ್ದೇ ಇಲ್ಲಿಗೆ ಬರಲು. ನಾರ್ವೆ ತನ್ನ ಕಡಲಿನಲ್ಲಿ ಏನು ಮಾಡಿತ್ತು ಗೊತ್ತೇ? 1930ರ ದಶಕದಲ್ಲೇ ಅವರು ಟ್ರಾಲರ್‌ಗಳಿಗೆ ಕಾನೂನಿನ ಕಡಿವಾಣ ಹಾಕಿದ್ದರು. ದಡದ ಸಣ್ಣ ಮೀನುಗಾರರ ಬದುಕಿಗೆ ಅವು ಕಂಟಕವೆಂದು ಅಲ್ಲಿನವರು ಹೋರಾಡಿದ್ದರು. 1938ರಲ್ಲಿ ಇನ್ನೊಂದು ಕಾನೂನು ಬಂತು. ಮೀನಿನ ಮೊದಲ ಮಾರಾಟ ಮೀನುಗಾರರ ಸಂಘಗಳ ಮೂಲಕವೇ ಆಗಬೇಕು, ಕನಿಷ್ಠ ಬೆಲೆ ಆ ಸಂಘಗಳೇ ಗೊತ್ತುಮಾಡಬಹುದು ಎಂದು. ನೀಂಡಕರಕ್ಕೆ ದೋಣಿ ಬಂದದ್ದು 1953ರಲ್ಲಿ. ಎಂಜಿನ್ ಬಂತು, ಬಲೆ ಬಂತು, ಮಂಜುಗಡ್ಡೆ ಬಂತು. ತಮ್ಮ ಮನೆಯಲ್ಲಿ ಆ ಯಂತ್ರದ ಸುತ್ತ ಅವರೇ ಕಟ್ಟಿದ್ದ ಬೇಲಿ ಬರಲಿಲ್ಲ.

ಎಂಜಿನಿಯರ್: ಇದು ನನಗೆ ಗೊತ್ತಿರಲಿಲ್ಲ. ನಮ್ಮ ಪಠ್ಯದಲ್ಲಿ ದೋಣಿಯ ಉದ್ದ, ಎಂಜಿನ್ನಿನ ಅಶ್ವಶಕ್ತಿ, ಬಲೆಯ ಕಣ್ಣಿನ ಅಳತೆ ಇರುತ್ತಿದ್ದವು.

ಮೇಷ್ಟ್ರು: ಯಂತ್ರದ ಕೈಪಿಡಿಯಲ್ಲಿ ಕಾನೂನು ಅಚ್ಚಾಗುವುದಿಲ್ಲ, ಹಾಗಾಗಿ ಅದು ಯಂತ್ರದ ಭಾಗವಲ್ಲ ಎಂದುಕೊಳ್ಳುತ್ತೇವೆ. ಆದರೆ ನಾರ್ವೆಯಲ್ಲಿ ಆ ದೋಣಿ ಕೇಡು ಮಾಡದೆ ಇದ್ದದ್ದು ಆ ಕಾನೂನಿನಿಂದ, ಆ ಸಂಘದಿಂದ. ಇಲ್ಲಿಗೆ ಬರುವಾಗ ಅವರ ಕಟ್ಟಳೆ ಅಲ್ಲೇ ಉಳಿಯಿತು. ಬಂದ ಮೇಲೆ ದೋಣಿ ನಮ್ಮ ಕಟ್ಟಳೆಯನ್ನು ಮುರಿಯಿತು. ಎರಡೂ ಇಲ್ಲದ ನಡುಕಡಲಿನಲ್ಲಿ ಯಂತ್ರ ಒಂದೇ ಉಳಿಯಿತು. ಪರಕೀಯ ತಂತ್ರ, ಸ್ವದೇಶಿ ಜ್ಞಾನ ಎಂದು ಎರಡು ಗುಂಪು ಮಾಡಿ ಜಗಳ ಆಡುವವರಿಗೆ ಇದು ಕಾಣುವುದಿಲ್ಲ.

ಎಂಜಿನಿಯರ್: ಕರ್ನಾಟಕಕ್ಕೂ ಇದು ಹೊಂದುತ್ತದೆಯೇ? 1960ರ ದಶಕದಲ್ಲಿ ನಾರ್ವೆ ಯೋಜನೆಯ ಶಾಖೆ ಕಾರವಾರಕ್ಕೂ ಬಂದಿತ್ತು. ಆದರೆ ನಮ್ಮಲ್ಲಿ ದೋಣಿ ಮಾಡಿಸಿದವರು ಹೆಚ್ಚಾಗಿ ಮೊಗವೀರರು, ಖಾರ್ವಿಗಳು, ಕಡಲಿನವರೇ.

ಮೇಷ್ಟ್ರು: ಅದು ನಮ್ಮ ಭಾಗ್ಯ, ಒಪ್ಪುತ್ತೇನೆ. ಆದರೂ 1970ರ ದಶಕದ ನಡುವೆ ಪರ್ಸೀನ್ ಬಂದಾಗ ಏನಾಯಿತು? ಆ ಬಲೆ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು, ಅಡಿಯ ಹಗ್ಗ ಎಳೆದು ಚೀಲದ ಬಾಯಿ ಮುಚ್ಚಿದಂತೆ ಮುಚ್ಚುತ್ತದೆ. ಮೀನು ದಡದ ಹತ್ತಿರ ಬರುವ ಮೊದಲೇ ಹಡಗಿನಲ್ಲಿರುತ್ತದೆ. ದಂಡೆಯ ಮೇಲೆ ಹಗ್ಗ ಹಿಡಿದು ಕಾಯುತ್ತಿದ್ದವರಿಗೆ ಏನು ಉಳಿಯಿತು? ದೊಡ್ಡ ಜಗಳವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಗುಂಪುಗಳು ಒಂದೊಂದಾಗಿ ಮುಚ್ಚಿದವು. ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ ಅಷ್ಟೆ. ಪರ್ಸೀನ್ ಮಾಡಿಸಿಕೊಂಡವರೂ ನಮ್ಮವರೇ, ಸೋತವರೂ ನಮ್ಮವರೇ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಹಡಗು ಬಂದು ಹತ್ತು ವರ್ಷವಾದ ಮೇಲೆ ಕಟ್ಟಳೆ ಬಂತು.

ಎಂಜಿನಿಯರ್: ಲೈಟ್ ಫಿಶಿಂಗ್‌ನಲ್ಲೂ ಅದೇ. ಜನರೇಟರ್, ಪ್ರಖರ ದೀಪ ಮೊದಲು ಬಂದವು. ಕೇಂದ್ರ ಅದನ್ನೂ ಎರಡು ದೋಣಿ ಸೇರಿ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿದ್ದು 2017ರಲ್ಲಿ. ನಿಷೇಧವಾದರೂ ಕದ್ದುಮುಚ್ಚಿ ನಡೆಯುತ್ತದೆ. ಒಂದು ವಿಚಿತ್ರ ನೋಡಿ ಸರ್, ನೀವು ಹೇಳಿದ ಬೇಲಿ ಕೊನೆಗೆ ಹೊರದೇಶದಿಂದಲೇ ಬಂತು, ಆದರೆ ಬೇರೆ ರೂಪದಲ್ಲಿ. ಕಡಲಾಮೆ ತಪ್ಪಿಸಿಕೊಳ್ಳಲು ಸಾಧನ ಅಳವಡಿಸದ ಟ್ರಾಲ್ ಬಲೆಯ ಸಿಗಡಿಯನ್ನು ಕೊಳ್ಳುವುದಿಲ್ಲ ಎಂದು 1996ರಲ್ಲಿ ಅಮೆರಿಕ ಎಲ್ಲ ದೇಶಗಳಿಗೂ ಹೇಳಿತು.

ಮೇಷ್ಟ್ರು: ಆ ಪ್ರಕರಣ ವಿವರವಾಗಿ ಹೇಳು, ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಎಂಜಿನಿಯರ್: ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟವು. 1998ರಲ್ಲಿ ಮೇಲ್ಮನವಿ ತೀರ್ಪು ಬಂತು. ಆಮೆ ಉಳಿಸುವ ಉದ್ದೇಶ ಸರಿ, ಆದರೆ ಬೇರೆ ದೇಶಗಳ ಸ್ಥಿತಿಗತಿ ವಿಚಾರಿಸದೆ ತನ್ನದೇ ಕಾರ್ಯಕ್ರಮವನ್ನು ಹೇರಿದ ರೀತಿ ಸರಿಯಲ್ಲ ಎಂದಿತು. ಇತ್ತ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗೆ ಹೊಂದುವ ಸಾಧನ ಮಾಡಿತು. ಆಮೆ ಹೊರಹೋಗಬೇಕು, ಅದರ ಜೊತೆ ಸಿಗಡಿ, ಮೀನು ಹೆಚ್ಚು ಹೋಗಬಾರದು. ಇಲ್ಲದಿದ್ದರೆ ದೋಣಿ ನಡೆಸುವ ಯಾವ ತಾಂಡೇಲನೂ ಆ ಸಾಧನವನ್ನು ಬಲೆಯಲ್ಲಿ ಉಳಿಸುವುದಿಲ್ಲ. ಇನ್ನೊಂದು ಮಾತು. ಯಂತ್ರದ ಸಹಾಯವಿಲ್ಲದೆ ಕೈಯಲ್ಲಿ ಎಳೆಯುವ ಬಲೆಗಳಿಗೆ ಅಮೆರಿಕದ ನಿಯಮ ವಿನಾಯಿತಿ ಕೊಟ್ಟಿತ್ತು.

ಮೇಷ್ಟ್ರು: ಕೈಬಲೆ ಮಾಡುವ ಹಾನಿ ಕಡಿಮೆ ಎಂದು ಕೊಳ್ಳುವ ದೇಶ ಒಪ್ಪಿಕೊಂಡಿತು. ಅದೇ ಬಲೆ ಹಿಡಿದವನನ್ನು ನಾವು ಹಿಂದುಳಿದವನು ಎಂದು ಕರೆದು ಎದ್ದು ಬಾ ಎಂದಿದ್ದೆವು. ಕೊಚ್ಚಿಯವರು ಮಾಡಿದ್ದು ಮಾತ್ರ ನಿಜವಾದ ತಂತ್ರಜ್ಞಾನ ವರ್ಗಾವಣೆ. ಹೊರಗಿನ ವಿಚಾರವನ್ನು ತಮ್ಮ ಕಡಲಿಗೆ ಇಳಿಸಿ ಬದಲಾಯಿಸಿದರು.

ಎಂಜಿನಿಯರ್: ಅಂಥದ್ದು ಇನ್ನೂ ಇದೆ. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಪಿಯೆರ್ ಜಿಲೆ ಎಂಬ ಬೆಲ್ಜಿಯಂನ ಎಂಜಿನಿಯರ್ ವರ್ಷಗಟ್ಟಲೆ ಮೀನುಗಾರರ ಜೊತೆ ಕೆಲಸ ಮಾಡಿದ. ದೊಡ್ಡ ಮರ ಸಿಗುವುದು ಕಷ್ಟವಾಗುತ್ತಿತ್ತು, ಬೆಲೆಯೂ ಏರಿತ್ತು. ಪ್ಲೈವುಡ್ ಹಲಗೆಯ ದೋಣಿ ಮಾಡಿದರು, ಮರಳ ದಂಡೆಯಿಂದಲೇ ಅಲೆ ದಾಟಿ ಹೋಗುವಂಥದ್ದು, ಔಟ್‌ಬೋರ್ಡ್ ಎಂಜಿನ್ ತಾಳುವಂಥದ್ದು. ತಿರುವನಂತಪುರದ ಸಿಫ್ಸ್, ಅಂದರೆ ಮೀನುಗಾರರ ಸಂಘಗಳ ಒಕ್ಕೂಟ, 1980ರ ದಶಕದಲ್ಲಿ ಅದನ್ನು ಹರಡಿತು. ಮೀನು ಮಾರುವುದು, ಸಾಲ ಕೊಡುವುದು, ದೋಣಿ ಕಟ್ಟುವುದು ಎಲ್ಲ ಅವರದೇ ಸಂಘ. ಹೊರಗಿನವನೂ ಇದ್ದ, ಹೊರಗಿನ ವಸ್ತುವೂ ಇತ್ತು, ಜಪಾನಿನ ಎಂಜಿನ್ ಬೇರೆ. ಆದರೂ ಜನ ಅದನ್ನು ತಮ್ಮದು ಎಂದರು.

ಮೇಷ್ಟ್ರು: ಏಕೆಂದರೆ ಬಂದರಿಲ್ಲದ ಊರನ್ನು ಅದು ಹೊರಗಿಡಲಿಲ್ಲ. ನೀಂಡಕರದ ದೋಣಿಗೆ ಕೇಳದೆ ಹೋದ ಪ್ರಶ್ನೆಯನ್ನು ಅಲ್ಲಿ ಮೊದಲೇ ಕೇಳಿದರು: ನೀವು ದೋಣಿ ಎಲ್ಲಿ ಎಳೆಯುತ್ತೀರಿ?

ಎಂಜಿನಿಯರ್: ಹಾಗಾದರೆ ಜಿಪಿಎಸ್, ಉಪಗ್ರಹದ ಮಾಹಿತಿ ಇವುಗಳನ್ನು ಏನೆನ್ನುತ್ತೀರಿ? ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲ ಮೇಲ್ಮೈಯ ಬಿಸಿ, ಪತ್ರಹರಿತ್ತು ಎಲ್ಲ ನೋಡಿ ಮೀನು ಸಿಗಬಹುದಾದ ಜಾಗ ತಿಳಿಸುತ್ತದೆ. ತಾಂಡೇಲರು ಅದನ್ನು ಕೇಳುತ್ತಾರೆ, ತಮ್ಮ ಅಂದಾಜನ್ನೂ ಸೇರಿಸುತ್ತಾರೆ.

ಮೇಷ್ಟ್ರು: ಸೇರಿಸುವವರೆಗೆ ಚೆನ್ನ. ದಡದ ಗುಡ್ಡ, ತಾಳೆಮರ, ಇಗರ್ಜಿಯ ಗೋಪುರ ಇವುಗಳಲ್ಲಿ ಎರಡನ್ನು ಒಂದೇ ಗೆರೆಗೆ ತಂದು ಕಡಲೊಳಗಿನ ಬಂಡೆಯನ್ನು ಗುರುತಿಸುವುದು ಹಿಂದೆ ಮನೆತನದ ವಿದ್ಯೆಯಾಗಿತ್ತು. ಹೇಳಿಕೊಡಲು ವರ್ಷಗಳು ಬೇಕಿದ್ದವು, ಹಾಗಾಗಿ ಆ ಬಂಡೆಗೆ ಹೋಗುವವರು ಕಡಿಮೆ. ಈಗ ಒಂದು ಗುಂಡಿ ಒತ್ತಿ ಜಾಗ ಉಳಿಸಿಕೊಳ್ಳಬಹುದು, ಯಾರು ಬೇಕಾದರೂ ಹೋಗಬಹುದು. ದಾರಿ ತಪ್ಪಿದವನು ಮನೆ ಸೇರುತ್ತಾನೆ, ಅದಕ್ಕಿಂತ ದೊಡ್ಡ ಲಾಭವಿಲ್ಲ. ಆದರೆ ಆ ಬಂಡೆಯ ಮೀನಿಗೆ ಇದ್ದ ರಕ್ಷಣೆ ಹೋಯಿತು. ಯಂತ್ರ ಬೇಡ ಎನ್ನುತ್ತಿಲ್ಲ. ಅದು ಯಾವ ಕಟ್ಟಳೆಯನ್ನು ಸಡಿಲಿಸುತ್ತದೆ ಎಂದು ಮೊದಲೇ ಹೇಳಿ, ಅದರ ಜಾಗಕ್ಕೆ ಇನ್ನೊಂದನ್ನು ಕಟ್ಟಿಕೊಡಬೇಕು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಎಂದು ಕೇರಳ 2015ರಲ್ಲಿ ನಿಯಮ ಮಾಡಿತು. ಅಂಥದ್ದು.

ಎಂಜಿನಿಯರ್: ನಿಮ್ಮ ಮಾತನ್ನು ನನ್ನ ಕೆಲಸಕ್ಕೆ ಇಳಿಸಿ ನೋಡುತ್ತೇನೆ. ಹೊರದೇಶದಿಂದ ಉಪಕರಣ ತರುವ ಯಾವ ಒಪ್ಪಂದದಲ್ಲೂ ಮೂರು ಪ್ರಶ್ನೆಗಳು ಬರಹದಲ್ಲಿ ಇರಬೇಕು. ಇದನ್ನು ಮಾಡಿದ ದೇಶ ತನ್ನ ನೆಲದಲ್ಲಿ, ತನ್ನ ನೀರಿನಲ್ಲಿ ಇದಕ್ಕೆ ಯಾವ ನಿಯಮ ಇಟ್ಟಿದೆ? ಇಲ್ಲಿ ಇದು ಯಾರ ಕೆಲಸ, ಯಾರ ಪಾಲು, ಯಾವ ಪದ್ಧತಿಯನ್ನು ತೆಗೆಯುತ್ತದೆ? ಒಂದು ಋತು ಬಳಸಿ ನೋಡಿ ಬೇಡ ಎನ್ನುವ ಹಕ್ಕು ಬಳಸುವವರಿಗೆ ಇದೆಯೇ?

ಮೇಷ್ಟ್ರು: ಮೂರನೆಯದು ಇಲ್ಲದಿದ್ದರೆ ಮೊದಲೆರಡು ಕಡತದಲ್ಲಿ ಉಳಿಯುತ್ತವೆ.

ಎಂಜಿನಿಯರ್: ಒಂದು ಮಾತಿನಲ್ಲಿ ಮಾತ್ರ ನಿಮ್ಮೊಡನೆ ಸೇರಲಾರೆ ಸರ್. ಎಲ್ಲ ಕಟ್ಟಳೆ ಸಿದ್ಧವಾದ ಮೇಲೆ ಯಂತ್ರ ಬರಲಿ ಎಂದರೆ ಯಂತ್ರ ಬರುವುದೇ ಇಲ್ಲ. ಬಡವನಿಗೆ ಕಾಯುವುದೂ ಒಂದು ನಷ್ಟ. ನೀಂಡಕರದ ತಾಯಂದಿರಿಗೆ ಆ ಆರೋಗ್ಯ ಕೇಂದ್ರ 1953ರಲ್ಲೇ ಬೇಕಿತ್ತು.

ಮೇಷ್ಟ್ರು: ಬೇಕಿತ್ತು, ಅದು ಬಂದದ್ದು ಒಳ್ಳೆಯದಾಯಿತು. ಎಲ್ಲವನ್ನೂ ನಿಲ್ಲಿಸು ಎನ್ನುವುದಿಲ್ಲ. ಆಸ್ಪತ್ರೆ ಕಟ್ಟುವುದಕ್ಕೂ ಕಡಲಿನ ತಳ ಗೋರುವುದಕ್ಕೂ ವ್ಯತ್ಯಾಸವಿದೆ. ಎಲ್ಲರದಾದ ಸಂಪತ್ತನ್ನು ಕೆಲವರು ಬೇಗ ತೆಗೆದುಕೊಳ್ಳುವಂತೆ ಮಾಡುವ ಯಂತ್ರವಾದರೆ ಕಟ್ಟಳೆ ಅದೇ ಹಡಗಿನಲ್ಲಿ ಬರಬೇಕು. ಅದನ್ನು ಬರೆಯುವಾಗ ನಾರ್ವೆಯ ಕಾನೂನನ್ನು ಓದಬೇಕು, ಹಗ್ಗ ಎಳೆದವನ ಮಾತನ್ನೂ ಕೇಳಬೇಕು. ಇಬ್ಬರೂ ಕಡಲು ಬಲ್ಲವರು. ಇಷ್ಟು ವರ್ಷ ಒಬ್ಬನ ಯಂತ್ರವನ್ನು ಮಾತ್ರ ತಂದೆವು, ಇನ್ನೊಬ್ಬನ ಕೈಯಿಂದ ಬಲೆಯನ್ನು ಮಾತ್ರ ಕಸಿದೆವು. ಇಬ್ಬರ ಬುದ್ಧಿಯನ್ನೂ ಕೇಳಲಿಲ್ಲ. ನಿನ್ನ ತಲೆಮಾರಿನ ಎಂಜಿನಿಯರುಗಳು ಅದನ್ನು ಕೇಳಬೇಕು, ಕೇಳಿದ್ದನ್ನು ಒಪ್ಪಂದದ ಮೊದಲ ಪುಟದಲ್ಲಿ ಬರೆಸಬೇಕು.